ಬಾಗಲವಾಡದ ತಾಳಿ ಸರಕ್ಕೆ ಒಂದು ಗುಂಡು ಕಡಿಮೆ

ರಾಯಚೂರಿನ ತೀನ್ ಕಂದೀಲ್ ಹಿಂದಿನ ಓಣಿಗೆ ಇನ್ನೂ ಹಾಲಿನವರು ಬಂದಿಲ್ಲ. ಅನ್ವರಿ ಬೇಗಂ ಬಾಗಿಲ ಬೆಳಕಿಗೆ ಮುಖ ಮಾಡಿ ಚಾಪೆಯ ಮೇಲೆ ಕುಳಿತಿದ್ದಾರೆ. ರೇಷ್ಮೆ ದಾರದ ಒಂದು ತುದಿ ಕಾಲಿನ ಹೆಬ್ಬೆರಳಿಗೆ, ಇನ್ನೊಂದು ಹಲ್ಲಿನ ನಡುವೆ. ದಾರದುದ್ದಕ್ಕೂ ಮೇಣದ ಉಂಡೆ ಉಜ್ಜುತ್ತಾರೆ. ಎದುರಿನ ಹಿತ್ತಾಳೆ ತಟ್ಟೆಯಲ್ಲಿ ತಾಳಿ, ಬಂಗಾರದ ಗುಂಡು, ಹವಳ, ಕರಿಮಣಿ. ತಟ್ಟೆಯ ಆಚೆ ಬಾಗಲವಾಡದ ಕನಕಮ್ಮ, ಕೊರಳಿಗೆ ಸೆರಗು ಬಿಗಿದುಕೊಂಡು ಕುಳಿತಿದ್ದಾರೆ.

ಇವತ್ತು ದೇವದುರ್ಗದಲ್ಲಿ ಕನಕಮ್ಮನ ಮಗಳು ಶೈಲಶ್ರೀಯ ಮದುವೆ. ನಿನ್ನೆ ಸಂಜೆ ಅಕ್ಕಿ ಚೀಲ ಎಳೆಯುವಾಗ ತಾಯಿಯ ತಾಳಿ ಸರ ಸಿಕ್ಕಿಕೊಂಡು ಕಿತ್ತುಬಂತು. ಹರಿಯಿತು ಎಂದು ಮಾತ್ರ ಯಾರೂ ಅನ್ನುವುದಿಲ್ಲ. ತಾಳಿ ಸರ ಹರಿಯುವುದಿಲ್ಲ, ಹೆಚ್ಚುತ್ತದೆ. ಮಾನ್ವಿಯ ಅಕ್ಕಸಾಲಿಗರಲ್ಲಿ ಕೇಳಿದರೆ ಎರಡು ದಿನ ಬಿಟ್ಟು ಬನ್ನಿ ಎಂದರು. ಆ ಸರ ಕೊರಳಿಗೆ ಬೀಳದೆ ಕನಕಮ್ಮ ಮಗಳಿಗೆ ಅಕ್ಷತೆ ಹಾಕುವ ಅಕ್ಕಿಕಾಳಿಗೆ ನಿಲ್ಲುವಂತಿಲ್ಲ ಎಂದು ಅತ್ತೆ ಬಾಲಮ್ಮ ಹಟ ಹಿಡಿದರು. ಹಾಗಾಗಿ ನಸುಕಿನಲ್ಲೇ ಕ್ರೂಸರ್ ಗಾಡಿ ರಾಯಚೂರಿಗೆ ತಿರುಗಿದೆ.

ಬಂದ ಕೂಡಲೇ ಅನ್ವರಿ ಮಾಡಿದ ಮೊದಲ ಕೆಲಸ, ಹಳದಿ ದಾರಕ್ಕೆ ಅರಿಷಿಣ ಕೊಂಬು ಕಟ್ಟಿ ಕನಕಮ್ಮನ ಕೊರಳಿಗೆ ಹಾಕಿದ್ದು. ರಾತ್ರಿಯೆಲ್ಲ ಗಂಟು ಹಾಕಿಕೊಂಡಿದ್ದ ಸರ ಬಿಚ್ಚಿ ತಟ್ಟೆಗೆ ಬಿದ್ದಿತ್ತು, ಮುತ್ತೈದೆಯ ಕೊರಳು ಅರೆಗಳಿಗೆಯೂ ಬರಿದಿರಬಾರದು. ಕನಕಮ್ಮ ಕಣ್ಣು ಮುಚ್ಚಿ ತಲೆ ಬಾಗಿಸಿದ್ದರು. ಬಾಲಮ್ಮ ಹೊಸ್ತಿಲಲ್ಲಿ ನಿಂತು, ಹಾರ್ನ್ ಹೊಡೆಯುತ್ತಿದ್ದ ಕನಕಮ್ಮನ ತಮ್ಮ ಹುಲಿಗೇಶನನ್ನು ಬಯ್ಯುತ್ತಿದ್ದರು. "ಹೊತ್ತು ಎಷ್ಟಾತು, ದಾರಿ ಎಷ್ಟದ" ಎಂದು ಅನ್ವರಿ ಕೇಳುತ್ತಿದ್ದಂತೆ ಅವರ ಕೈ ತನ್ನ ಪಾಡಿಗೆ ಗಂಟು ಹಾಕಿತ್ತು.

ಸಿರವಾರದಿಂದ ಸೊಸೆಯಾಗಿ ಬಂದ ಅನ್ವರಿಗೆ ಈ ಕೆಲಸ ಕಲಿಸಿದ್ದು ಅತ್ತೆ. ಮಣಿ ಪೋಣಿಸುವುದಕ್ಕೆ ಸರ ಪವಣಿಸುವುದು ಎನ್ನುತ್ತಾರೆ ಈ ಕಡೆ. ನಲವತ್ತು ವರ್ಷದಲ್ಲಿ ಈ ಬೆರಳುಗಳು ಬೋರಮಾಳ, ಗುಂಡಿನ ಸರ, ಲಚ್ಚಾ ಎಲ್ಲವನ್ನೂ ಪವಣಿಸಿವೆ. ಈಗ ಮಷಿನ್ನಿನ ಚೈನು ಸಿದ್ಧವಾಗಿಯೇ ಬರುತ್ತದೆ. ಒಂದು ದಿನ ನಾಲ್ಕು ಸರ ಬಂದರೆ ಇನ್ನೊಂದು ದಿನ ಒಂದೂ ಇಲ್ಲ. ಬಲಗಣ್ಣಿಗೆ ಪೊರೆ ಬರುತ್ತಿದೆ. ಸಂತೆಗಳಲ್ಲಿ ಬಳೆ ಮಾರುತ್ತಿದ್ದ ಗಂಡ ದಸ್ತಗೀರ್ ಸಾಬ್ ಮಂಡಿನೋವಿನಿಂದ ಮನೆ ಹಿಡಿದಿದ್ದಾರೆ. ಚಹಾ ಅವರದೇ. ಮಣಿಗೆ ತಾಗದಂತೆ ಕಪ್ಪನ್ನು ದೂರವಿಡುವುದನ್ನು ಅವರು ಒಮ್ಮೆಯೂ ಮರೆತಿಲ್ಲವಂತೆ. ಗಿರಾಕಿಗಳಿಗೆಂದು ಕುಂಕುಮದ ಭರಣಿಯೂ ಈ ಮನೆಯಲ್ಲಿದೆ. ಅದನ್ನು ತುಂಬಿಡುವವರು ಪಕ್ಕದ ಮನೆಯ ಮಲ್ಲೇಶ್ವರಿ.

ಮನುಷ್ಯರಿಗೆ ಕೊರಳ ಮೇಲಿನ ಆಸೆ ಇಂದಿನದಲ್ಲ. ಇದೇ ಸೀಮೆಯ ಮಸ್ಕಿಯಲ್ಲಿ ನೆಲ ಅಗೆದಾಗ ಸಾವಿರಾರು ವರ್ಷ ಹಿಂದಿನ ಮಣಿಗಳು ಸಿಕ್ಕಿವೆ. ರಾಜರ ಮುತ್ತಿನ ಹಾರಕ್ಕೂ, ಕುರಿ ಕಾಯುವವರ ಗಾಜಿನ ಸರಕ್ಕೂ ಬೇಕಾದದ್ದು ಒಂದೇ: ಒಳಗೊಂದು ದಾರ, ಅದನ್ನು ಹಾಯಿಸಲು ಒಂದು ಕೈ. ಮಸ್ಕಿಯ ಮಣಿಗಳ ಸುದ್ದಿ ಹೇಳಿದರೆ ಅನ್ವರಿ ಕೇಳುವುದು ಬೇರೆಯೇ: "ಪವಣಿಸಿದಾಕಿ ಯಾರಿದ್ದಳೋ, ಪಾಪ!"

ತಾಳಿ ನಡುವೆ. ಅಲ್ಲಿಂದ ಎಡಕ್ಕೊಂದು ಗುಂಡು, ಬಲಕ್ಕೊಂದು ಗುಂಡು, ಎಡಕ್ಕೊಂದು ಹವಳ, ಬಲಕ್ಕೊಂದು. ಜೋಡಿ ತಪ್ಪಬಾರದು. ಹೊರಗೆ ಮತ್ತೆ ಹಾರ್ನ್. ಕೊನೆಯ ಜೋಡಿಗೆ ಬಂದಾಗ ಅನ್ವರಿಯ ಸೂಜಿ ನಿಲ್ಲುತ್ತದೆ. ಎಡಕ್ಕೆ ಗುಂಡು ಬಿದ್ದಿದೆ, ಬಲಕ್ಕೆ ಇಲ್ಲ. ತಟ್ಟೆ ಖಾಲಿ.

"ಯಾರೂ ಏಳಬ್ಯಾಡ್ರಿ," ಎನ್ನುತ್ತಾರೆ. ದನಿ ಸಣ್ಣದಾಗಿದೆ.

ಈ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಮಣಿ ಕಾಣೆಯಾದರೆ ಪವಣಿಸುವವಳು ಮೊದಲು ತನ್ನ ಉಡಿ ಝಾಡಿಸಬೇಕು, ಗಿರಾಕಿಯದನ್ನಲ್ಲ. ಅನ್ವರಿ ಸೆರಗು ಝಾಡಿಸುತ್ತಾರೆ, ಚಾಪೆ ಮಗುಚುತ್ತಾರೆ, ಮೇಣದ ಉಂಡೆ ಹಿಸುಕಿ ನೋಡುತ್ತಾರೆ. ದಸ್ತಗೀರ್ ಸಾಬ್ ಬ್ಯಾಟರಿ ಹಿಡಿದು, ನೋಯುವ ಮಂಡಿ ಊರಿ ನೆಲಕ್ಕೆ ಬಗ್ಗುತ್ತಾರೆ.

ಹುಲಿಗೇಶ ಬಾಗಿಲಿಗೆ ಬಂದ. "ಬಂಗಾರಕ್ಕ ರೆಕ್ಕಿ ಬಂದು ಹಾರಿ ಹೋತೇನು? ನಾವು ಎಣಿಸಿ ಕೊಡಬೇಕಿತ್ತು."

"ಬಾಯಿ ಮುಚ್ಚಲೇ," ಎಂದರು ಕನಕಮ್ಮ. ಅವರ ಕಣ್ಣಾಗಲೇ ತುಂಬಿತ್ತು. "ಯವ್ವಾ, ನಿನ್ನೆ ಹೆಚ್ಚಿತು, ಇವತ್ತು ಗುಂಡು ಹೋತು. ನನ್ನ ಮಗಳ ಬಾಳೇವಿಗೆ ಇದೇನು ಸೂಚನಿ?"

ಬಾಲಮ್ಮನ ನೋಟ ಅನ್ವರಿಯ ಕೈಗಳ ಮೇಲೆಯೇ ಇತ್ತು. ಆ ನೋಟ ಏನೆಂದು ಅನ್ವರಿಗೆ ಗೊತ್ತು. ನಲವತ್ತು ವರ್ಷ ಈ ಊರು ಬಂಗಾರವನ್ನು ಚೀಟಿಯಿಲ್ಲದೆ ಈ ಉಡಿಗೆ ಸುರಿದಿದೆ. ಇವತ್ತು ಗಾಡಿ ಹಾಗೇ ಹೋದರೆ, ಮದುವೆ ಮುಗಿಯುವುದರೊಳಗೆ ದೇವದುರ್ಗದಿಂದ ಮಾನ್ವಿಯವರೆಗೆ ಮಾತು ಹರಡುತ್ತದೆ.

ಅನ್ವರಿ ಕತ್ತರಿ ತೆಗೆದುಕೊಂಡರು. ತಮ್ಮ ಕೊರಳಿನ ಕರಿಮಣಿ ಲಚ್ಚಾ ಎತ್ತಿ ಹಿಡಿದರು. ಅದರಲ್ಲೂ ಬಂಗಾರದ ಗುಂಡುಗಳಿವೆ. ನಿಕಾಹದ ದಿನ ಬಿದ್ದದ್ದು.

"ಏ ಬೂಬಮ್ಮ!" ಬಾಲಮ್ಮ ಅನ್ವರಿಯ ಮುಂಗೈ ಹಿಡಿದೇ ಬಿಟ್ಟರು. "ಗಂಡ ಮುಂದ ಕುಂತಾನ, ಕೊರಳು ಬರಿದು ಮಾಡ್ಕೊಂತಿಯೇನು? ನಿನ್ನ ಕೊರಳು ಕತ್ತರಿಸಿ ನಾ ಮೊಮ್ಮಗಳ ಮದುವಿ ಮಾಡ್ಲಾ?"

"ನನ್ನ ಕೈಯಾಗ ಹೋದದ್ದು ನಾನೇ ತುಂಬಬೇಕವ್ವ."

"ತುಂಬೀಯಂತ, ತಡಿ. ಮೊದಲು ನಿನ್ನ ಕೊರಳಿಗೂ ಒಂದು ಅರಿಷಿಣ ಕೊಂಬು ಕಟ್ಕೋ. ನಿಂದೇನು ಕೊರಳಲ್ಲೇನು?"

ಅನ್ವರಿ ಹಳದಿ ದಾರ ಅಳೆದರು. ಕೊಂಬು ಕಟ್ಟಿದರು. ಗಂಟು ಬಿಗಿಯುವ ಮೊದಲು ಬಲಗೈ ತಾನಾಗಿಯೇ ಖಾಲಿ ತಟ್ಟೆಯ ಕಡೆ ಹೋಯಿತು. ಎರಡು ಬೆರಳು ಏನನ್ನೋ ಹೆಕ್ಕಲು ಹೋಗಿ ಅಲ್ಲೇ ನಿಂತವು.

ಅನ್ವರಿ ತಮ್ಮ ಕೈಯನ್ನೇ ನೋಡಿದರು.

"ಯಾ ಅಲ್ಲಾ!" ಎಂದವರೇ ಕನಕಮ್ಮನ ಹಿಂದೆ ಹೋಗಿ, ತುರುಬು ಎತ್ತಿ, ಹಳದಿ ದಾರದ ಮೇಲೆ ಬೆರಳು ಜಾರಿಸಿದರು. ಹೆಡಕಿನಲ್ಲಿ, ಗಂಟಿನ ಪಕ್ಕ, ಅದೇ ದಾರದಲ್ಲಿ ಬೆವರಿಗೆ ಅಂಟಿ ಕುಳಿತಿತ್ತು ಗುಂಡು.

ಕೊಂಬಿನ ಜೊತೆ ಒಂದು ಗುಂಡಾದರೂ ಬಂಗಾರ ಕೊರಳಲ್ಲಿರಬೇಕೆಂದು ಅವರ ಅತ್ತೆ ಕಲಿಸಿದ್ದರು. ಈಗ ಯಾರೂ ಹೀಗೆ ಎದುರು ಕೂರುವುದಿಲ್ಲ. ಬೇರೆ ಚೈನು ಹಾಕಿಕೊಂಡು, ಸರ ಬಿಟ್ಟು ಹೋಗುತ್ತಾರೆ. ಆ ಪದ್ಧತಿ ಮನಸ್ಸಿನಿಂದ ಹೋಗಿತ್ತು, ಕೈಯಿಂದ ಹೋಗಿರಲಿಲ್ಲ.

"ನನ್ನ ಅತ್ತಿ ಸತ್ತು ಇಪ್ಪತ್ತು ವರ್ಸಾತು, ಇನ್ನೂ ನನ್ನ ಕೈಲೆ ಕೆಲಸ ಮಾಡಸಾಕತ್ತಾಳ ನೋಡ್ರಿ," ಎಂದು ಅನ್ವರಿ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

"ಅತ್ತಿ ಅಂದ್ರ ಹಂಗೇ," ಎಂದರು ಬಾಲಮ್ಮ, ಸೊಸೆಯ ಕಡೆ ನೋಡಿ. "ಹುಲಿಗ್ಯಾ, ರೆಕ್ಕಿ ಅಂದಿದ್ದಿಯಲ್ಲ, ಈಗ ಆಕಿ ಕಾಲಿಗೆ ಬೀಳು."

ಹುಲಿಗೇಶ ಬಗ್ಗಿದ. ಅನ್ವರಿ ಕಾಲು ಹಿಂದೆಳೆದುಕೊಂಡರು: "ಏಳಪ್ಪಾ, ಗಾಡಿ ಚಾಲೂ ಮಾಡು."

ಕೊನೆಯ ಜೋಡಿ ಕೂಡಿತು, ಗಂಟು ಬಿತ್ತು. ಸರವನ್ನು ಕೊರಳಿಗೆ ಹಾಕಬೇಕಾದವರು ಮುತ್ತೈದೆ, ಬಾಲಮ್ಮನಿಗೆ ಗಂಡನಿಲ್ಲ. "ನೀನೇ ಹಾಕು, ಬೂಬಮ್ಮ. ನಿನ್ನ ಗಂಡ ಮಂಡಿ ಊರಿದ್ರೂ ಗಟ್ಟಿ ಅದಾನ." ಬ್ಯಾಟರಿ ಆರಿಸುತ್ತ ದಸ್ತಗೀರ್ ಸಾಬ್ ಕೆಮ್ಮಿದರು.

ಗಾಡಿ ಹೋದ ಮೇಲೆ ಓಣಿಗೆ ಹಾಲಿನವರು ಬರುತ್ತಾರೆ. ಮದುವೆಮನೆಯಲ್ಲಿ ಯಾರಾದರೂ ನಿಮ್ಮ ಕೆಲಸ ನೋಡಿ ಹೊಗಳಬಹುದೇ ಎಂದರೆ ಅನ್ವರಿ ತಲೆಯಾಡಿಸುತ್ತಾರೆ.

"ತಾಳಿ ನೋಡ್ತಾರ, ಗುಂಡು ನೋಡ್ತಾರ. ದಾರದ ಸುದ್ದಿ ತೆಗಿಯೋದು ಸರ ಹೆಚ್ಚಿದ ದಿನಾನೇ. ನನ್ನ ದಾರದ ಮಾತು ಯಾರೂ ಆಡಬಾರದ್ರೀ. ಅಷ್ಟೇ ನನಗ ಬೇಕಾದ್ದು."