ನಲವತ್ತೆರಡು ಮಕ್ಕಳ ಪ್ರಾರ್ಥನೆಯಲ್ಲಿ ನಮ್ಮ ಮನೆ

ಭಾನುವಾರ ಬೆಳಿಗ್ಗೆ ಎರಡನೇ ಕಾಫಿಯ ಲೋಟ ತುಟಿಗೆ ತಾಗುವ ಮೊದಲೇ ಫೋನು ಟಿಂಗ್ ಎಂದಿತು. ಮಗನ ಕಾನ್ವೆಂಟ್ ಶಾಲೆಯಿಂದ. ‘ಈ ತಿಂಗಳು ನಮ್ಮ ಶಾಲೆಯಲ್ಲಿ’ ಎಂಬ ಸುದ್ದಿಪತ್ರ, ಹದಿನಾಲ್ಕು ಪುಟ. ಒಂದನೇ ತರಗತಿಯವರು ಹಳದಿ ದಿನ ಆಚರಿಸಿದರಂತೆ. ಆ ಹಳದಿ ಅಂಗಿಗಾಗಿ ವಿಜಯನಗರದ ಅಂಗಡಿಗಳನ್ನೆಲ್ಲ ಜಾಲಾಡಿದ ತಾಯಂದಿರ ಫೋಟೋ ಮಾತ್ರ ಎಲ್ಲೂ ಇಲ್ಲ. ಮೂರನೇ ತರಗತಿಯವರು ಥರ್ಮಾಕೋಲಿನಲ್ಲಿ ಸೌರಮಂಡಲ ಮಾಡಿದರಂತೆ. ಮಾಡಿದವರು ಯಾರೆಂದು ನಿಮಗೂ ಗೊತ್ತು, ನನಗೂ ಗೊತ್ತು. ನಾಲ್ಕನೆಯವರು ಮರಿಯಮ್ಮನವರ ಗವಿಗೆ ಹೂ ಜೋಡಿಸಿ ಹಾಡು ಹೇಳಿದರಂತೆ. ಹೀಗೆ ಒಂದೊಂದೇ ಪುಟ ಸರಿಸುತ್ತ ಕೊನೆಗೆ ಬಂದರೆ ಅಲ್ಲಿತ್ತು: ‘ಎರಡನೇ ತರಗತಿಯಲ್ಲಿ ನಾಳೆಯಿಂದ ದಿನದ ಸುದ್ದಿ ಚಟುವಟಿಕೆ ಆರಂಭ. ಪೋಷಕರು ಸಹಕರಿಸಬೇಕು.’

ಕಾಫಿ ನೆತ್ತಿಗೆ ಹತ್ತಿತು. ನನ್ನ ಮಗ ಈಗ ಎರಡನೇ ತರಗತಿ.

ಸಹಕರಿಸಬೇಕಂತೆ! ನಾಲ್ಕು ವರ್ಷದ ಹಿಂದೆ ಮಗಳು ಚಾರ್ವಿ ಅದೇ ಶಾಲೆಯಲ್ಲಿ, ಅದೇ ಎರಡನೇ ತರಗತಿಯಲ್ಲಿದ್ದಾಗ ನಾನು ಎಷ್ಟು ಸಹಕರಿಸಿದೆನೆಂದರೆ, ಅತ್ತಿಗುಪ್ಪೆಯಿಂದ ಮಲ್ಲತ್ತಹಳ್ಳಿಯವರೆಗೆ ನಮ್ಮ ಮನೆಯ ವಿಷಯ ತಿಳಿಯದ ತಾಯಿ ಒಬ್ಬಳೂ ಉಳಿದಿರಲಿಲ್ಲ. ದಿನದ ಸುದ್ದಿ ಎಂದರೆ ಏನೆಂದು ನಿಮಗೆ ಹೇಳಿಬಿಡುತ್ತೇನೆ, ನಿಮ್ಮ ಮಕ್ಕಳನ್ನು ಎಲ್ಲಿಗೆ ಸೇರಿಸಬೇಕೆಂದು ಯೋಚಿಸುವಾಗ ಉಪಯೋಗಕ್ಕೆ ಬಂದೀತು. ಬೆಳಿಗ್ಗೆ ಹಾಜರಿ ಆದಮೇಲೆ ಒಂದಿಷ್ಟು ಮಕ್ಕಳು ಎದ್ದು ನಿಂತು ತಮ್ಮ ಮನೆಯ ಒಂದೊಂದು ಸುದ್ದಿ ಹೇಳಬೇಕು. ಟೀಚರು ಅದರಲ್ಲೊಂದನ್ನು ಆರಿಸಿ ಬೋರ್ಡಿನ ಮೇಲೆ ಬರೆಯುತ್ತಾರೆ. ಕ್ಲಾಸಿನ ನಲವತ್ತೆರಡು ಮಕ್ಕಳೂ ಅದನ್ನು ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ದುಂಡಗೆ ಐದೈದು ಸಲ ಬರೆಯುತ್ತವೆ. ಆಮೇಲೆ ಕಣ್ಣು ಮುಚ್ಚಿ, ಕೈ ಜೋಡಿಸಿ, ಆ ಸುದ್ದಿಯವರಿಗಾಗಿ ಪ್ರಾರ್ಥನೆ ಮಾಡುತ್ತವೆ. ಯಾರ ಮನೆಯಲ್ಲೋ ಮೊಲ ಸತ್ತರೆ ಮೊಲಕ್ಕೆ, ಯಾರ ಮಾವನೋ ಬೈಕಿನಿಂದ ಬಿದ್ದರೆ ಮಾವನಿಗೆ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ನೋಡಿ. ನನಗೂ ಮೊದಲ ವಾರ ಹಾಗೆಯೇ ಅನ್ನಿಸಿತ್ತು.

ಇದಕ್ಕೆ ಮೊದಲು ಡಬ್ಬಿಯ ಕಥೆ ಹೇಳಬೇಕು. ಅದೂ ಶಾಲೆಯದೇ ಕಿತಾಪತಿ. ಮಕ್ಕಳ ಊಟದ ಡಬ್ಬಿಗೆ ಅವರು ಒಂದು ಪಟ್ಟಿ ಕೊಟ್ಟಿದ್ದರು: ಸೋಮವಾರ ಚಪಾತಿ, ಮಂಗಳವಾರ ಮೊಳಕೆಕಾಳು, ಬುಧವಾರ ಅನ್ನದ್ದು ಏನಾದರೂ, ಹೀಗೆ. ನಾನು ಅದನ್ನು ಫ್ರಿಜ್ಜಿಗೆ ಅಂಟಿಸಿದ್ದೆ. ಆದರೆ ಡಬ್ಬಿ ಕಟ್ಟುತ್ತಿದ್ದವರು ನಮ್ಮತ್ತೆ. ಅವರು ಮಲ್ಲತ್ತಹಳ್ಳಿಯವರು, ಹೊಲಗದ್ದೆ ಇದ್ದ ಕಾಲದವರು, ಓದು ಬರಹ ಇಲ್ಲ. ಪಟ್ಟಿಯನ್ನು ಅವರು ಫ್ರಿಜ್ಜಿನ ಅಲಂಕಾರವೆಂದೇ ತಿಳಿದಿದ್ದರೋ ಏನೋ. ಒಂದು ಮಂಗಳವಾರ ರಾಗಿರೊಟ್ಟಿಗೆ ಬೆಣ್ಣೆ ಸವರಿ, ಮೇಲೆ ಹುಚ್ಚೆಳ್ಳು ಚಟ್ನಿಪುಡಿ ಉದುರಿಸಿ ಕಳಿಸಿದರು. ಅದು ಚಾರ್ವಿಯ ಬಾಯಿಗಿಂತ ಹೆಚ್ಚಾಗಿ ಪಕ್ಕದ ಹುಡುಗಿಯ ಬಿಳಿ ಅಂಗಿಗೆ ಹೋಯಿತು. ಸಂಜೆ ಡೈರಿಯಲ್ಲಿ ಕೆಂಪು ಶಾಯಿಯ ಟಿಪ್ಪಣಿ ಬಂತು: ದಯವಿಟ್ಟು ಪಟ್ಟಿಯನ್ನು ಅನುಸರಿಸಿ, ಸಹಿ ಹಾಕಿ ಕಳಿಸಿ.

ನನ್ನ ವಿಷಯ ನಾನೇ ಹೇಳಿಕೊಳ್ಳಬೇಕು. ನಾನು ಓದುವಾಗ ಒಂದು ದಿನವೂ ಕೆಂಪು ಶಾಯಿ ಕಂಡವಳಲ್ಲ. ಅಷ್ಟು ಅಂಜುಬುರುಕಿ. ನಲವತ್ತರ ಹತ್ತಿರ ಬಂದು, ಒಂದು ಸಹಕಾರ ಸಂಘದಲ್ಲಿ ನಾಲ್ಕು ಜನರ ಮೇಲೆ ಅಧಿಕಾರ ನಡೆಸುವ ನಾನು ಆ ಎರಡು ಸಾಲಿಗೆ ನಡುಗಿಹೋದೆ. ನಡುಕ ಕೋಪವಾಗಲು ಎಷ್ಟು ಹೊತ್ತು ಬೇಕು? ಡೈರಿ ಹಿಡಿದುಕೊಂಡೇ ಅಡುಗೆಮನೆಗೆ ನುಗ್ಗಿದೆ.

“ನಾಳೆಯಿಂದ ನೀವು ಡಬ್ಬಿ ಮುಟ್ಬೇಡಿ, ಅತ್ತೆ.”

“ಯಾಕವ್ವ, ಮಗು ತಿನ್ನಲಿಲ್ವ?”

“ಪಟ್ಟಿ ಕೊಟ್ಟಿದಾರೆ, ಅಂಟಿಸಿದೀನಿ. ಅದನ್ನ ಓದೋಕ್ಕೆ ಬರಬೇಕಲ್ಲ! ನೀವು ಸ್ಕೂಲಿನ ಮುಖ ನೋಡಿದ್ರೆ ತಾನೆ ಇದೆಲ್ಲ ಗೊತ್ತಾಗೋದು?”

ಅತ್ತೆ ಒಲೆಯ ಮೇಲಿದ್ದ ಸಾರನ್ನು ಇಳಿಸಿಟ್ಟು, ಕೈ ಒರೆಸಿಕೊಂಡು ಹೋದರು. ಮಾರನೆಯ ಬೆಳಿಗ್ಗೆ ಒಂದು ಬಟ್ಟೆಬ್ಯಾಗು ಹಿಡಿದು, “ಚಿಕ್ಕೋನ ಮನೇಲಿ ನಾಕ್ ದಿನ ಇದ್ದು ಬರ್ತೀನಿ” ಎಂದು ಕೆಂಗೇರಿಗೆ ಹೊರಟರು. ಚಿಕ್ಕೋನು ಎಂದರೆ ನನ್ನ ಮೈದುನ. ನನ್ನ ಗಂಡ ಪೇಪರಿನಿಂದ ತಲೆ ಎತ್ತಿ, “ನಿಮ್ಮಿಬ್ರ ಮಧ್ಯೆ ನಾನ್ ಬರಲ್ಲಪ್ಪ” ಎಂದು ಮತ್ತೆ ತಲೆ ತಗ್ಗಿಸಿದರು. ಹದಿನೈದು ವರ್ಷದ ಸಂಸಾರದಲ್ಲಿ ಅವರು ತೆಗೆದುಕೊಂಡಿರುವ ಅತಿ ದೃಢವಾದ ನಿಲುವು ಅದೊಂದೇ.

ನಾಲ್ಕು ದಿನ ಹತ್ತಾಯಿತು. ನಾನಾಗಿ ಫೋನು ಮಾಡಲಿಲ್ಲ, ಅವರೂ ಮಾಡಲಿಲ್ಲ. ಈ ಹೊತ್ತಿಗೆ ಸರಿಯಾಗಿ ಶಾಲೆಯಲ್ಲಿ ದಿನದ ಸುದ್ದಿ ಶುರುವಾಯಿತು.

ಅದರಲ್ಲಿ ನಮ್ಮ ಮನೆಯೂ ಸೇರಿದೆಯೆಂದು ನನಗೆ ಮೊದಲು ತಿಳಿದದ್ದು ಗೇಟಿನ ಬಳಿ. ಮಗಳನ್ನು ಕರೆದುಕೊಂಡು ಬರಲು ನಿಂತಿದ್ದೆ. ಶ್ರೀಗಂಧದ ಕಾವಲಿನಿಂದ ಸ್ಕೂಟರಿನಲ್ಲಿ ಬರುವ, ಹೆಸರೂ ಗೊತ್ತಿಲ್ಲದ ಒಬ್ಬಾಕೆ ಹೆಲ್ಮೆಟ್ಟು ತೆಗೆಯುತ್ತಲೇ ಕೇಳಿದಳು: “ಆಂಟಿ, ನಿಮ್ಮತ್ತೆ ಬಂದ್ರಾ?”

ಆಂಟಿ ಎಂದದ್ದಕ್ಕೆ ಕೋಪ ಮಾಡಿಕೊಳ್ಳಲೋ, ಅತ್ತೆಯ ಸುದ್ದಿ ಇವಳಿಗೆ ಹೇಗೆ ಗೊತ್ತಾಯಿತೆಂದು ಗಾಬರಿಯಾಗಲೋ ತಿಳಿಯಲಿಲ್ಲ. ಮಾರನೆಯ ದಿನ ಶಾಲೆಯ ಆಟೋದವನು ಗಾಡಿ ನಿಲ್ಲಿಸಿ, “ಮೇಡಂ, ಅಜ್ಜಿ ಇನ್ನೂ ಬಂದಿಲ್ವಂತೆ? ನನ್ ಮಗ್ಳೂ ಅದೇ ಕ್ಲಾಸು. ಮನೇಲೂ ಕೈ ಮುಗೀತಾಳೆ, ಬರ್ತಾರೆ ಬಿಡಿ” ಎಂದು ಧೈರ್ಯ ಹೇಳಿದ. ಮೂರನೆಯ ದಿನ ಒಬ್ಬಾಕೆ ನನ್ನನ್ನು ಮರದ ಕೆಳಗೆ ಕರೆದು, ಆಚೀಚೆ ನೋಡಿ, ಪಿಸುಗುಟ್ಟಿದಳು: “ಬೇಜಾರ್ ಮಾಡ್ಕೋಬೇಡಿ, ಅದ್ ಹೇಗ್ ಕಳಿಸಿದ್ರಿ? ನಮ್ಮನೇಲಿ ಏನ್ ಮಾಡಿದ್ರೂ ಹೋಗ್ತಾ ಇಲ್ಲ.”

ಮನೆಗೆ ಬಂದು ಚಾರ್ವಿಯ ಕಾಪಿ ಪುಸ್ತಕ ತೆಗೆದೆ. ಮುತ್ತಿನಂಥ ಅಕ್ಷರಗಳಲ್ಲಿ ಐದು ಸಲ: ಚಾರ್ವಿಯ ಅಜ್ಜಿ ಕೆಂಗೇರಿಗೆ ಹೋಗಿದ್ದಾರೆ. ಪುಟ ತಿರುವಿದರೆ ಮತ್ತೆ ಐದು ಸಲ: ಚಾರ್ವಿಯ ಅಜ್ಜಿ ಇನ್ನೂ ಬಂದಿಲ್ಲ. ನಲವತ್ತೆರಡು ಪುಸ್ತಕಗಳಲ್ಲಿ ಐದೈದು ಸಲ! ನಲವತ್ತೆರಡು ಮನೆಗಳಲ್ಲಿ ಅಪ್ಪ ಅಮ್ಮಂದಿರು ಅದನ್ನು ಓದಿ, ಸಹಿ ಹಾಕಿ ಕಳಿಸಿದ್ದಾರೆ. ಸ್ವತಃ ನನ್ನ ಗಂಡನೇ ಸಹಿ ಹಾಕಿದ್ದರು, ಓದದೆ.

“ಯಾಕೇ ಇದನ್ನೆಲ್ಲ ಹೇಳಿದೆ ಸ್ಕೂಲಲ್ಲಿ?” ಎಂದು ಗದರಿದರೆ ಚಾರ್ವಿ ಕಣ್ಣು ಪಿಳಿಪಿಳಿ ಬಿಟ್ಟು, “ಸುದ್ದಿ ನಿಜ ಇರ್ಬೇಕು ಅಂತ ಸಿಸ್ಟರ್ ಹೇಳಿದಾರೆ” ಎಂದಳು.

ಮರುದಿನ ಆಫೀಸಿಗೆ ತಡವಾಗುತ್ತದೆಂದು ಫೋನು ಮಾಡಿ ನೇರ ಶಾಲೆಗೆ ಹೋದೆ. ಆ ಕ್ಲಾಸನ್ನು ನೋಡಿಕೊಳ್ಳುತ್ತಿದ್ದವರು ಸಿಸ್ಟರ್ ಬೆನಿಟಾ, ಮಂಗಳೂರು ಕಡೆಯವರು. ಪುಸ್ತಕದ ಹಾಗೆ ಕನ್ನಡ ಮಾತಾಡುತ್ತಾರೆ. ನಾನು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಬೈಗುಳವನ್ನೆಲ್ಲ ಮರ್ಯಾದೆಯ ಮಾತಿಗೆ ಇಳಿಸಿ ಹೇಳಿದೆ: ನಮ್ಮ ಮನೆಯ ವಿಷಯ ನಮ್ಮ ಮನೆಯಲ್ಲಿರಲಿ, ನಮ್ಮತ್ತೆ ಬರುವಾಗ ಬರುತ್ತಾರೆ, ಅವರಿಗಾಗಿ ಯಾರೂ ಪ್ರಾರ್ಥನೆ ಮಾಡುವ ಅಗತ್ಯವಿಲ್ಲ.

ಸಿಸ್ಟರ್ ಪೂರ್ತಿ ಕೇಳಿಸಿಕೊಂಡರು.

“ನೀವು ಕೂತುಕೊಳ್ಳಿ. ನಾವು ನಿಮ್ಮ ಅತ್ತೆಗಾಗಿ ಪ್ರಾರ್ಥನೆ ಮಾಡುವುದಿಲ್ಲ ಅಲ್ವಾ? ಅಜ್ಜಿ ಕೆಂಗೇರಿಯಲ್ಲಿ ಚೆನ್ನಾಗಿ ಇದ್ದಾರೆ ಅಂತ ಚಾರ್ವಿ ಹೇಳಿದ್ದಾಳೆ. ಮಕ್ಕಳು ಪ್ರಾರ್ಥನೆ ಮಾಡುವುದು ನಿಮಗಾಗಿ.”

“ನನಗಾ? ನನಗೇನಾಗಿದೆ?”

ಅವರು ಒಂದು ರಿಜಿಸ್ಟರು ತೆಗೆದರು. ಬೋರ್ಡಿಗೆ ಹೋಗದ ಸುದ್ದಿಗಳನ್ನೂ ಅವರು ಅದರಲ್ಲಿ ಬರೆದಿಡುತ್ತಿದ್ದರು. ಚಾರ್ವಿಯ ಹೆಸರಿನ ಮುಂದೆ ಹೀಗಿತ್ತು: ಅಮ್ಮ ದಿನಾ ಬೆಳಿಗ್ಗೆ ಅಜ್ಜಿಯ ಲೋಟಕ್ಕೂ ಕಾಫಿ ಬಗ್ಗಿಸುತ್ತಾಳೆ. ಆಮೇಲೆ ಸಿಂಕಿಗೆ ಚೆಲ್ಲುತ್ತಾಳೆ. ಆಮೇಲೆ ನಮ್ಮನ್ನು ಬಯ್ಯುತ್ತಾಳೆ.

ನಿಜವಾಗಿಯೂ ಹೇಳುತ್ತೇನೆ, ಆ ಹೊತ್ತಿನಲ್ಲಿ ನನ್ನ ಕಣ್ಣು ತುಂಬಿ ಬಂತು ಎಂದೆಲ್ಲ ಬರೆದರೆ ಸುಳ್ಳಾಗುತ್ತದೆ. ಮೈಯೆಲ್ಲ ಉರಿಯಿತು. ನಲವತ್ತೆರಡು ಪುಟಾಣಿಗಳು ಕಣ್ಣು ಮುಚ್ಚಿಕೊಂಡು ನನ್ನ ಬುದ್ಧಿ ಸರಿಹೋಗಲೆಂದು ದೇವರಲ್ಲಿ ಬೇಡುತ್ತಿವೆ ಎಂದರೆ ಯಾರಿಗೆ ಉರಿಯುವುದಿಲ್ಲ, ನೀವೇ ಹೇಳಿ. ಸಿಸ್ಟರಿಗೆ ಥ್ಯಾಂಕ್ಸ್ ಎಂದು ಹೇಳಿದೆನೋ ಇಲ್ಲವೋ ನೆನಪಿಲ್ಲ. ಅತ್ತಿಗುಪ್ಪೆಯ ಮೆಟ್ರೋ ಹತ್ತಿದ ಮೇಲೆಯೇ ಗೊತ್ತಾಗಿದ್ದು, ಆಫೀಸಿನ ಕಡೆಯದಲ್ಲ, ಕೆಂಗೇರಿಯ ಕಡೆಯದನ್ನು ಹತ್ತಿದ್ದೆ.

ದೀಪಾಂಜಲಿ ನಗರದಿಂದ ಶುರುಮಾಡಿ ಪಟ್ಟಣಗೆರೆಯವರೆಗೆ ಒಂದೇ ವಾಕ್ಯವನ್ನು ಉರು ಹೊಡೆದೆ: ಅತ್ತೆ, ಅವತ್ತು ನಾನು ಹಾಗೆ ಅನ್ನಬಾರದಾಗಿತ್ತು. ಮೈದುನನ ಮನೆ ಮೂರನೇ ಮಹಡಿ. ಅತ್ತೆ ಬಾಗಿಲು ತೆಗೆದರು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಆಫೀಸ್ ಇಲ್ವ ಇವತ್ತು?”

ನಾನು ಉರು ಹೊಡೆದ ವಾಕ್ಯ ಮೆಟ್ಟಿಲಲ್ಲೇ ಎಲ್ಲೋ ಉಳಿದಿತ್ತು. ಬಾಯಿಗೆ ಬಂದದ್ದು ಬೇರೆ. “ಚಾರ್ವಿ ಡಬ್ಬಿ ತಿನ್ನದೆ ವಾಪಸ್ ತರ್ತಾ ಇದಾಳೆ.” ಅಪ್ಪಟ ಸುಳ್ಳು. ಹುಡುಗಿ ಡಬ್ಬಿಯನ್ನು ನೆಕ್ಕಿ ತರುತ್ತಿದ್ದಳು.

“ಅದಕ್ಕೆ ಬಂದ್ಯಾ?”

“ಹೂಂ.”

ಅವರು ಒಳಗೆ ಹೋಗಿ ಬಟ್ಟೆಬ್ಯಾಗು ತಂದರು. ಮರುದಿನ ಬೋರ್ಡಿನ ಮೇಲೆ ‘ಚಾರ್ವಿಯ ಅಜ್ಜಿ ಬಂದರು’ ಎಂಬ ಸುದ್ದಿ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರಂತೆ. ಇಡೀ ಪುಣ್ಯ ನಲವತ್ತೆರಡು ಮಕ್ಕಳ ಪಾಲಾಯಿತು. ಪವಾಡವೆಂದರು ಗೇಟಿನ ಬಳಿ. ಮರದ ಕೆಳಗೆ ಪಿಸುಗುಟ್ಟಿದ್ದಾಕೆ ಮಾತ್ರ ನನ್ನನ್ನು ಮುಂದೆ ಮಾತಾಡಿಸಲಿಲ್ಲ. ಬೆವರು ಸುರಿಸಿ ಮೂರು ಮಹಡಿ ಹತ್ತಿದವಳ ಹೆಸರನ್ನು ಯಾರೂ ಎತ್ತಲಿಲ್ಲ.

ಇದೆಲ್ಲ ನೆನಪಾಗಿ ಫೋನು ಕೈಯಲ್ಲಿ ಹಿಡಿದು ಕೂತಿದ್ದೆ. ಶಾಲೆಯ ಮೇಲೆ ಇನ್ನೊಂದಿಷ್ಟು ಸಿಟ್ಟು ಮಾಡಿಕೊಳ್ಳಬೇಕೆಂದು ನೋಡಿದರೆ ಆಗಲಿಲ್ಲ. ಆ ವಾಕ್ಯವನ್ನು ನಾನು ಇನ್ನೂ ಹೇಳಿಯೇ ಇಲ್ಲವಲ್ಲ ಎಂಬುದು ಮುಳ್ಳಿನಂತೆ ಚುಚ್ಚಿತು. ನಾಲ್ಕು ವರ್ಷ ಒಂದೇ ಅಡುಗೆಮನೆಯಲ್ಲಿ ಓಡಾಡಿದ್ದೇವೆ, ಒಂದೇ ಸಾರು ಉಂಡಿದ್ದೇವೆ. ಸುದ್ದಿ ನಿಜ ಇರಬೇಕಂತೆ. ನಾವು ರಾಜಿಯಾಗಿದ್ದೇವೆ ಎಂಬ ಸುದ್ದಿ ನಿಜವೇ?

ಎದ್ದು ಅಡುಗೆಮನೆಗೆ ಹೋದೆ. ಅತ್ತೆ ನೆಲದ ಮೇಲೆ ಕಾಲು ನೀಡಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಬಾಗಿಲಲ್ಲೇ ನಿಂತು, ಎಲ್ಲಿ ಮತ್ತೆ ಬಾಯಿ ತಪ್ಪಿಸಿಕೊಳ್ಳುತ್ತದೋ ಎಂದು ಒಂದೇ ಉಸಿರಿಗೆ ಹೇಳಿದೆ: “ಅತ್ತೆ, ಅವತ್ತು ನಾನ್ ಹಾಗ್ ಅನ್ನಬಾರದಾಗಿತ್ತು.”

“ಯಾವತ್ತು?” ಎಂದರು, ತಲೆ ಎತ್ತದೆ.

ಸದ್ಯ, ಮರೆತಿದ್ದಾರೆ ಎಂದು ಹಗುರವಾಯಿತು. ಆದರೆ ಅವರು ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ಬೆರಳು ಮಡಿಸತೊಡಗಿದರು.

“ಸ್ಕೂಲಿನ ಮುಖ ನೋಡಿಲ್ಲ ಅಂದ್ಯಲ್ಲ, ಅವತ್ತಾ? ನಿಮ್ಮಮ್ಮ ಬಂದಾಗ, ಇವರಿಗೆ ಟಿವಿ ಹಾಕೋದಕ್ಕೂ ಬರಲ್ಲ ಅಂತ ನಕ್ಯಲ್ಲ, ಅವತ್ತಾ? ನನ್ ಕಣ್ಣಿನ ಆಪರೇಷನ್ ದಿನ, ನರ್ಸಮ್ಮ ಹೆಬ್ಬೆಟ್ಟು ಒತ್ತಿ ಅಂತ ಇಂಕು ತಂದಾಗ, ಯಾರೋ ಅನ್ನೋ ಹಂಗೆ ಮುಖ ಆ ಕಡೆ ತಿರುಗಿಸ್ಕೊಂಡ್ಯಲ್ಲ, ಅವತ್ತಾ?”

ಮೊದಲೆರಡಕ್ಕೆ ತಲೆ ತಗ್ಗಿಸಿದೆ. ಮೂರನೆಯದಕ್ಕೆ ತಲೆ ಎತ್ತಿ ಅವರನ್ನೇ ನೋಡಿದೆ. ಆ ದಿನ ನಾನು ಒಂದು ಮಾತೂ ಆಡಿರಲಿಲ್ಲ. ನನ್ನ ಆಫೀಸಿನ ಸಹೋದ್ಯೋಗಿಯೊಬ್ಬರು ಅದೇ ಕೌಂಟರಿನಲ್ಲಿ ನಿಂತಿದ್ದರು, ನಾಚಿಕೆಯಾಗಿ ಅರ್ಧ ನಿಮಿಷ ಗೋಡೆ ನೋಡಿದ್ದೆ, ಅಷ್ಟೇ. ಎರಡೂ ಕಣ್ಣಿಗೆ ಪೊರೆ ಬಂದು ಎದುರಿಗಿದ್ದ ಮನುಷ್ಯರೇ ಕಾಣದಿದ್ದ ಅತ್ತೆಗೆ ಅದು ಕಂಡಿತ್ತು.

“ಎಲ್ಲಾನೂ, ಅತ್ತೆ” ಎಂದೆ.

“ಎಲ್ಲಾನೂ ಅಂತ ಗಂಟು ಕಟ್ಟಿ ಎಸೀಬೇಡ ಕಣಮ್ಮ. ಕೂತ್ಕೊ. ಒಂದೊಂದಾಗಿ ಹೇಳು, ಕೇಳ್ತೀನಿ.”

ಮೊರವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಜಾಗ ಮಾಡಿದರು. ನಾನು ಅವರ ಎದುರಿಗೆ ನೆಲದ ಮೇಲೆ ಕೂತೆ. ಮೂರನೆಯದರಿಂದ ಶುರು ಮಾಡಿದೆ.