ನಂಬರಿಲ್ಲದ ನೆಗೆಟಿವ್‌ಗಳು

ಮಂಡಿ ಮೊಹಲ್ಲಾದ ಫೋಟೋ ಸ್ಟುಡಿಯೋದಲ್ಲಿ ಜವರಪ್ಪ ಮೂವತ್ತೆಂಟು ವರ್ಷ ದುಡಿದ. ಪಕ್ಕದ ಫ್ರೇಮ್ ಅಂಗಡಿ ನನ್ನದು. ಯಾರ ಮನೆಯಲ್ಲಾದರೂ ಸಾವಾದರೆ, ಹನ್ನೊಂದನೆಯ ದಿನಕ್ಕೆ ಫೋಟೋ ಬೇಕೆಂದು ಓಡಿ ಬರುತ್ತಿದ್ದರು. ಬಿಲ್ ನಂಬರ್ ಹೇಳಿದರೆ ಸಾಕು, ಜವರಪ್ಪ ಅಟ್ಟ ಹತ್ತಿ ಹಳೆಯ ನೆಗೆಟಿವ್ ಹಿಡಿದೇ ಇಳಿಯುತ್ತಿದ್ದ. ಆ ಜಂಬ ಅವನಿಗೆ ಕೊಂಚ ಜಾಸ್ತಿಯೇ ಇತ್ತು.

ಯಜಮಾನರು ತೀರಿಕೊಂಡ ಮೇಲೆ ಅವರ ಮಗಳು ಕೀರ್ತಿ ನೆಗೆಟಿವ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ ಕ್ಲೌಡಿಗೆ ಏರಿಸಿದಳು. ಈಗ ಗಿರಾಕಿ ಊರಾಚೆಯ ಇಲವಾಲದಲ್ಲೇ ಕೂತು ಹೆಸರೋ ನಂಬರೋ ಒತ್ತಿದರೆ ಫೋಟೋ ಮೊಬೈಲಿಗೇ ಬರುತ್ತದೆ. ಒಳ್ಳೆಯದೇ, ಅಲ್ಲವೆನ್ನಲಾರೆ. ನನಗೆ ಸಿಟ್ಟಿರುವುದು ಜವರಪ್ಪನ ಮೇಲೆ.

ಅಟ್ಟ ಖಾಲಿ ಮಾಡುವ ದಿನ ನಾನೂ ಅಲ್ಲಿದ್ದೆ.

“ಈ ಡಬ್ಬದಲ್ಲಿರೋದಕ್ಕೆ ನಂಬರೇ ಇಲ್ವಲ್ಲ ಜವರಪ್ಪಣ್ಣ, ಏನ್ಮಾಡ್ಲಿ?” ಎಂದಳು ಕೀರ್ತಿ.

“ಅವು ಕ್ಯಾಮೆರಾ ಟೆಸ್ಟ್ ಮಾಡೋಕೆ ಹೊಡ್ದಿದ್ದು ಕಣಮ್ಮ. ಬಿಸಾಕ್ಬುಡಿ.”

ಸ್ಟುಡಿಯೋದವರು ತಮ್ಮ ಮನೆಯ ಫೋಟೋಗೆ ಬಿಲ್ ಹರಿಯುವುದಿಲ್ಲ. ಬಿಲ್ ಇಲ್ಲದ್ದಕ್ಕೆ ನಂಬರೂ ಇಲ್ಲ. ಹೆಂಡತಿ ಪುಟ್ಟಲಿಂಗಮ್ಮನ ನೆಗೆಟಿವ್‌ಗಳನ್ನು ಎಂದೋ ತಾನೇ ಆ ಡಬ್ಬಕ್ಕೆ ಹಾಕಿದ್ದು ಆ ಮಹಾರಾಯನಿಗೆ ಹೊಳೆಯಲೇ ಇಲ್ಲ. ಊರಿಗೆಲ್ಲ ಪ್ರಿಂಟ್ ಹಾಕಿಕೊಟ್ಟವನು ಅವಳದೊಂದನ್ನೂ ಹಾಕಿರಲಿಲ್ಲ. ಅವಳು ಕೇಳಿದಾಗಲೆಲ್ಲ, “ನೆಗೆಟಿವ್ ಐತಲ್ಲ, ಬೇಕಾದಾಗ ಹಾಕುದ್ರಾಯ್ತು” ಅನ್ನುತ್ತಿದ್ದ.

ಕಳೆದ ಆಷಾಢದಲ್ಲಿ ಎದೆನೋವೆಂದು ಮಲಗಿದವಳು ಮತ್ತೆ ಏಳಲಿಲ್ಲ. ಒಂಬತ್ತನೆಯ ದಿನ ಜವರಪ್ಪ ಸ್ಟುಡಿಯೋಗೆ ಬಂದ, ನಾನೂ ಜೊತೆಗೆ ಒಳಗೆ ಹೋದೆ. ಕೀರ್ತಿ ಹೆಸರು ಹಾಕಿ ಹುಡುಕಿದಳು. ಪುಟ್ಟಲಿಂಗಮ್ಮಂದಿರು ಹದಿನಾಲ್ಕು ಮಂದಿ ಬಂದರು. ಒಬ್ಬೊಬ್ಬರನ್ನೂ ನೋಡಿ ಅಲ್ಲ ಅಲ್ಲ ಎಂದು ತಲೆಯಾಡಿಸಿದ. ಆಮೇಲೆ ಅವನಿಗೆ ತಾನೇ ಬಿಸಾಕಿಸಿದ ಆ ಡಬ್ಬ ನೆನಪಾಯಿತು. ಅವನ ಮುಖ ನೋಡಲಾಗದೆ ನಾನು ಹೊರಗೆ ಬಂದುಬಿಟ್ಟೆ.

ಮೊಬೈಲಿನಲ್ಲೂ ಅವಳಿರಲಿಲ್ಲ, ಯಾರಾದರೂ ಫೋಟೋ ತೆಗೆಯಲು ಹೋದರೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ಉಳಿದದ್ದು ಆಧಾರ್ ಕಾರ್ಡು. ಅದನ್ನೇ ದೊಡ್ಡದು ಮಾಡಿಸಿ ನನ್ನ ಅಂಗಡಿಗೆ ತಂದ. ಕಣ್ಣು ಮೂಗು ಕಲಸಿಹೋಗಿದ್ದವು. ಮೂವತ್ತು ವರ್ಷ ನೋಡಿದ ನನಗೇ ಗುರುತು ಹತ್ತಲಿಲ್ಲ.

ನಾನು ಗಾಜು ಒರೆಸುತ್ತಿದ್ದೆ. ಅವನು ಸ್ಟೂಲಿನ ಮೇಲೆ ಕೂತಿದ್ದ.

“ಒಂದ್ರಲ್ಲಿ ನಗ್ತಿದ್ಲು ಕಣೋ ನಾಗೇಂದ್ರ. ಮದ್ವೆಯಾದ ಹೊಸದ್ರಲ್ಲಿ, ನಾನೇ ನಗ್ಸಿ ಹೊಡ್ದಿದ್ದು,” ಎಂದ. ಮತ್ತೆ ಹೇಳಿದ: “ಆ ಫೋಟೋನ ಅವ್ಳು ನೋಡ್ಲೇ ಇಲ್ಲ.”