ಎಡಗಡೆಯ ಹಿಂದಿನ ಗಾಲಿ

ಯಮನೂರಸಾಬ ಮೊಣಕಾಲೂರಿ ಕುಳಿತು, ಗಾಲಿಯ ಐದೂ ನಟ್ಟುಗಳಿಗೆ, ಅವನ್ನು ಬಿಗಿಯುವ ಪಾನಾದ ತುದಿಯಿಂದ ಒಂದೊಂದು ಏಟು ಕೊಟ್ಟ. ಬಿಗಿಯಾದ ನಟ್ಟು ಗಂಟೆಯಂತೆ ನುಡಿಯುತ್ತದೆ, ಸಡಿಲಾದದ್ದು ಕಟ್ಟಿಗೆ ಬಡಿದಂತೆ ಕೇಳುತ್ತದೆ. ಆ ಬುಧವಾರ ಮುಂಜಾನೆ ಐದೂ ಕಟ್ಟಿಗೆಯಂತೆ ಕೇಳಿದವು. ನಾಲ್ಕು ದಿನದ ಹಿಂದೆ ಅವನೇ ಬಿಗಿದು, ಪ್ರತಿ ನಟ್ಟಿನಿಂದ ಗಾಲಿಯ ಮೇಲಕ್ಕೆ ಸುಣ್ಣದ ಗೆರೆ ಎಳೆದಿದ್ದ. ಈಗ ಗೆರೆಗಳೆಲ್ಲ ಮುರಿದಿದ್ದವು. ಐದೂ ನಟ್ಟುಗಳು ಯಾರೋ ಅಳತೆ ಹಿಡಿದು ತಿರುಗಿಸಿದಂತೆ ಒಂದೇ ಸಮ ಎಡಕ್ಕೆ ಸರಿದಿದ್ದವು.

ಲಕ್ಷ್ಮೇಶ್ವರದ ಬಸ್ ನಿಲ್ದಾಣದ ಹಿಂದಿನ ತಗಡಿನ ಗ್ಯಾರೇಜು ಅವನದು. ಗದಗಿನಲ್ಲಿ ಲಾರಿ ಮಿಸ್ತ್ರಿ ಉಸ್ಮಾನಸಾಬನ ಕೈಕೆಳಗೆ ಕಲಿತವನು. ನಟ್ಟುಗಳನ್ನು ಒಂದು ಬಿಟ್ಟು ಒಂದರಂತೆ ಬಿಗಿಯುವುದು, ಜಾಕಿನ ಮೇಲೆ ಅರ್ಧ, ನೆಲಕ್ಕೆ ಇಳಿಸಿದ ಮೇಲೆ ಪೂರ್ತಿ. ಐವತ್ತು ಮೈಲು ಓಡಿದ ಮೇಲೆ ಗಾಡಿಯನ್ನು ಮತ್ತೆ ತರಿಸಿ ನೋಡುವುದು. 'ಅವನ ಗಾಲಿಗೂ ಬಾಣಂತನ ಐತಿ' ಎಂದು ಊರಿನ ಡ್ರೈವರುಗಳು ನಗುತ್ತಿದ್ದರು. ಆದರೆ 1984ರ ಆ ಬೇಸಿಗೆಯವರೆಗೆ, ಇಪ್ಪತ್ತಾರು ವರ್ಷಗಳಲ್ಲಿ, ಅವನು ಕೂಡಿಸಿದ ಒಂದು ಗಾಲಿಯೂ ಕಳಚಿರಲಿಲ್ಲ.

ಗಾಡಿ ಬೆಳ್ಳಟ್ಟಿಯ ಅಂದಪ್ಪನ ಬಾಡಿಗೆ ಅಂಬಾಸಿಡರ್. ಮದುವೆ ದಿಬ್ಬಣಗಳಿಗೆ ಚೆಂದ ಕಾಣಲೆಂದು ಅವನು ಹುಬ್ಬಳ್ಳಿಯ ಗುಜರಿಯಲ್ಲಿ ಹಳೆಯ ಕಬ್ಬಿಣದ ಗಾಲಿಗಳನ್ನು ಕೊಟ್ಟು, ಬೆಳ್ಳಿ ಬಣ್ಣದ ನಾಲ್ಕು ಅಲ್ಯೂಮಿನಿಯಂ ಗಾಲಿಗಳನ್ನು ತಂದು, ಯಮನೂರಸಾಬನ ಕೈಯಲ್ಲೇ ಕೂಡಿಸಿದ್ದ. ಮೂರು ಸುಮ್ಮನಿದ್ದವು. ಎಡಗಡೆಯ ಹಿಂದಿನದು ಮಾತ್ರ ನಿಲ್ಲಲೊಲ್ಲದು. ಅಡರಕಟ್ಟಿ ದಾಟಿದರೆ ಸಾಕು, ಹಿಂದಿನ ಸೀಟಿನ ಕೆಳಗೆ ಬಾಗಿಲು ಬಡಿದಂಥ ಸದ್ದು. ಒಬ್ಬ ಮುದುಕಿ, ಕೆಳಗೆ ಯಾರೋ ಕುಳಿತಿದ್ದಾರೆ, ನನ್ನನ್ನು ಇಳಿಸಿರಿ ಎಂದು ನಡುದಾರಿಯಲ್ಲೇ ಹಟ ಹಿಡಿದಿದ್ದಳಂತೆ. ಆಮೇಲೆ ಆ ಮಗ್ಗುಲಲ್ಲಿ ಕೂರಲು ಜನ ಹಿಂಜರಿದರು.

ಶುಕ್ರವಾರ ಅಂದಪ್ಪನ ತಂಗಿ ದೇವವ್ವನನ್ನು ಹೆರಿಗೆಗೆ ಗದಗಿಗೆ ಕರೆದೊಯ್ಯಬೇಕಿತ್ತು. ಮೊದಲನೆಯ ಮಗು ಉಳಿದಿರಲಿಲ್ಲ. ಈ ಸಲ ಬಸ್ಸಿನ ಕುಲುಕಾಟ ಬೇಡವೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು.

ಇಷ್ಟು ದಿನ ಯಮನೂರಸಾಬ ನಟ್ಟು ಬಿಗಿದು ಕಳಿಸುತ್ತಿದ್ದನೇ ಹೊರತು ಗಾಲಿಯನ್ನು ಬಿಚ್ಚಿರಲಿಲ್ಲ. ಅವತ್ತು ಜಾಕ್ ಏರಿಸಿ ಬಿಚ್ಚಿದ. ಗಾಲಿಯ ಹಿಂದೆ, ಡ್ರಮ್ಮಿನ ಮೂರು ಬೋಲ್ಟುಗಳ ಬುಡದಲ್ಲಿ, ಕರಿದಾರ ಸುತ್ತಿತ್ತು. ಒಂದೊಂದಕ್ಕೂ ಮೂರು ಗಂಟು. ಪಕ್ಕದಲ್ಲಿ ಕುಳಿತಿದ್ದ ಅಂದಪ್ಪ ಮುಖ ತಿರುಗಿಸಿದ.

"ಇದೇನೋ, ಅಂದಪ್ಪ?"

"ನಮ್ಮ ಸುಮಿತ್ರಾ ಕಟ್ಯಾಳರಿ, ಕಾಕಾ. ಯಾರ ಕಣ್ಣಿಗೂ ಬೀಳಬಾರದು, ಬಾಯಿ ಬಿಡಬಾರದು ಅಂತ ಮಂತ್ರಿಸಿ ಕೊಟ್ಟವರು ಹೇಳಿದ್ರಂತ."

ಸಡಿಲಾದಾಗಲೆಲ್ಲ ಮನೆಯಲ್ಲೇ ಗಾಲಿ ಬಿಚ್ಚಿ, ಹೆಂಡತಿ ಮಂತ್ರಿಸಿದ ದಾರ ಕಟ್ಟಿದ ಮೇಲೆ ತೊಡಿಸಿ, ಬಿಗಿಸಲು ಇಲ್ಲಿಗೆ ತರುತ್ತಿದ್ದೆ, ಇವತ್ತು ಮಾತ್ರ ಬಿಚ್ಚದೆ ನೇರ ತಂದೆ ಎಂದು ಅವನು ಒಪ್ಪಿಕೊಂಡ. ಯಮನೂರಸಾಬ ನಗಲಿಲ್ಲ. ಅವನ ಮಕ್ಕಳ ಕೊರಳಲ್ಲೂ ದರ್ಗಾದ ದಾರವಿತ್ತು.

"ಗಾಲಿ ಡ್ರಮ್ಮಿಗೆ ಅಂಟಿ ಕುಂಡ್ರಬೇಕಪಾ. ನಡುವ ದಾರ ಇದ್ರ ಅದು ಸವದಂಗ ನಟ್ಟು ಸಡ್ಲ ಆಗತೈತಿ. ಸಡ್ಲ ಆತಂದ್ರ ನಿನ್ನ ಹೇಣ್ತಿ ಮತ್ತೊಂದು ಕಟ್ಟತಾಳ."

ಅಂದಪ್ಪನ ಮುಖ ಅರಳಿತು. ಚಹಾ ತರಿಸುತ್ತೇನೆಂದು ಎದ್ದ. ಮೊದಲ ದಾರ ಕಟ್ಟಿದ್ದು ಯಾವಾಗ ಎಂದು ಯಮನೂರಸಾಬ ಕೇಳಿದ. ಮೊದಲ ಸಲ ಸಡಿಲಾದ ಮೇಲೆ ಎಂದು ಅಂದಪ್ಪ ಹೇಳಿದ. ಹೇಳಿದವನೇ ನಿಂತ.

ಹಾಗಾದರೆ ಮೊದಲ ಸಲ ಸಡಿಲಿಸಿದ್ದು ಯಾವುದು?

ಯಮನೂರಸಾಬ ಗಾಲಿಯನ್ನು ಮಗುಚಿ, ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದ. ಒಂದು ತೂತಿನ ಸುತ್ತ ಬಣ್ಣದ ಕೆಳಗೆ ಸಣ್ಣ ಉಬ್ಬಿತ್ತು. ಕೂಡಿಸುವ ದಿನವೂ ಅದು ಕೈಗೆ ಹತ್ತಿತ್ತು. ಎರಕದ ಉಬ್ಬು, ಹೊಸ ಬಣ್ಣ ಯಾಕೆ ಕೆಡಿಸುವುದು ಎಂದು ಬಿಟ್ಟಿದ್ದ. ಈಗ ಬ್ಲೇಡಿನಿಂದ ಕೆರೆದ. ಬಣ್ಣದ ಹೊಪ್ಪಳೆ ಎದ್ದಿತು, ಅದರ ಕೆಳಗೆ ಗ್ರೀಸಿನಲ್ಲಿ ಗಟ್ಟಿಯಾದ ಕರಿದಾರ ಬಂತು. ಮೂರು ಗಂಟು.

ಅಂದಪ್ಪ ಬಗ್ಗಿ ಗಂಟುಗಳನ್ನು ನೋಡಿದ. "ಇದು ನಮ್ಮದಲ್ಲರಿ," ಎಂದ.

ಯಮನೂರಸಾಬ ಮತ್ತಷ್ಟು ಕೆರೆದ. ತೂತುಗಳ ಅಂಚಿಗೆ ಮೆತ್ತಿದ್ದ ಪುಟ್ಟಿ ಪುಡಿಪುಡಿಯಾಗಿ ಉದುರಿತು. ದುಂಡಗಿರಬೇಕಾದ ತೂತುಗಳು ಉದ್ದಕ್ಕೆ ಸವೆದಿದ್ದವು. ಸಡಿಲವಾಗಿಯೇ ಬಹಳ ದೂರ ಓಡಿದ ಗಾಲಿಗೆ ಮಾತ್ರ ಹಾಗಾಗುತ್ತದೆ.

"ಈ ಗಾಲಿ ಒಮ್ಮೆ ಕಳಚೇತಿ," ಎಂದ ಅವನು, ಮೆಲ್ಲಗೆ. "ಅವರ ಮನ್ಯಾಗೂ ಯಾರೋ ಅಂಜಿ ದಾರ ಕಟ್ಟ್ಯಾರ."

ಅವರು ಯಾರು, ಆ ಗಾಡಿ ಯಾವ ರಸ್ತೆಯಲ್ಲಿ ನಿಂತಿತು, ಒಳಗೆ ಎಷ್ಟು ಜನರಿದ್ದರು ಎಂಬುದನ್ನು ಇಬ್ಬರೂ ಕೇಳಲಿಲ್ಲ. ಹೊರಗೆ ಶಿರಹಟ್ಟಿಯ ಬಸ್ಸು ಹಾರ್ನ್ ಹೊಡೆದು ಹೊರಟಿತು. ಕೆರೆದು ಎತ್ತಿ ನಿಲ್ಲಿಸಿದ್ದ ಗಾಲಿ ನೆಲದ ಮೇಲೆ ತುಸು ಹೊರಳಿ, ಅಂದಪ್ಪನ ಕಾಲಿಗೆ ತಾಗಿ ನಿಂತಿತು. ಅವನು ಕಾಲು ಹಿಂದಕ್ಕೆ ಎಳೆದುಕೊಂಡ.

ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಹಳೆಯ ಕಬ್ಬಿಣದ ಗಾಲಿ. ಮೂರು ಬೆಳ್ಳಿ, ಒಂದು ಕರಿ ಆದರೆ ಜನ ನಗುತ್ತಾರೆಂದು ಅಂದಪ್ಪ ಅದನ್ನು ಹಾಕಿಸಿರಲಿಲ್ಲ. ಈಗ ತಾನೇ ಎತ್ತಿ ತಂದ. ಯಮನೂರಸಾಬ ಡ್ರಮ್ಮನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಒಣಬಟ್ಟೆಯಿಂದ ಒರೆಸಿ, ಕಬ್ಬಿಣದ ಗಾಲಿಗೆ ಕೂಡುವ ನಟ್ಟುಗಳನ್ನು ಹಾಕಿದ. ಉಳಿದ ಮೂರು ಬೆಳ್ಳಿ ಗಾಲಿಗಳನ್ನೂ ಬಿಚ್ಚಿ, ಬೆನ್ನಿನ ಬಣ್ಣ ಕೆರೆದು ನೋಡಿದ. ಅವುಗಳಲ್ಲಿ ಏನೂ ಇರಲಿಲ್ಲ.

ದಾರ ಸಿಕ್ಕ ಆ ಗಾಲಿ ಮತ್ತೆ ಗುಜರಿಗೆ ಹೋಗಬಾರದೆಂದು ಅದೇ ಮಧ್ಯಾಹ್ನ ಟಾಯರು ಕಳಚಿ, ಗರಗಸ ಹಿಡಿದು ಅದನ್ನು ಎರಡು ಹೋಳು ಮಾಡಿದ.

ಶುಕ್ರವಾರ ಮುಂಜಾನೆ ದೇವವ್ವ ಹಿಂದಿನ ಸೀಟಿನ ಎಡಗಡೆ ಕುಳಿತು ಗದಗಿಗೆ ಹೋದಳು. ಮುಂದಿನ ಸೀಟಿನಲ್ಲಿ ಯಮನೂರಸಾಬ, ತೊಡೆಯ ಮೇಲೆ ಪಾನಾ ಇಟ್ಟುಕೊಂಡು, ಕುಳಿತಿದ್ದ.